ಆರ್ಕನ್ಸಾದ ವಜ್ರದ ಹೊಲಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೇವೆ. ಬಳ್ಳಾರಿಯಿಂದ ಅತ್ತೆ, ಮಾವ ಬಂದಿದ್ದಾರೆ. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಆರ್ಕನ್ಸಾ ರಾಜ್ಯದ ಒಂದು ಪಾರ್ಕಿನಲ್ಲಿ ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ವಜ್ರ ಹುಡುಕಬಹುದು, ಸಿಕ್ಕಿದ್ದು ನಮ್ಮದೇ ಅಂತ ಮಗಳು ಶಾಲೆಯಲ್ಲಿ ಕೇಳಿ ಬಂದಿದ್ದಾಳೆ. ಇದು ನಿಜವೇ? ಜುಲೈ ರಜೆಯಲ್ಲಿ ಹೋಗೋಣ ಅಂತಿದ್ದೇವೆ. ಮಾವನಿಗೆ ಮಂಡಿನೋವು, ಕೂತು ಏಳುವುದು ಕಷ್ಟ. ಏನೂ ಸಿಗದಿದ್ದರೆ ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೆ ನಾಲ್ಕು ಹೊಳೆಯುವ ಕಲ್ಲು ಕೊಂಡು, ಅವರಿಗೆ ಗೊತ್ತಾಗದ ಹಾಗೆ ಮಣ್ಣಿನಲ್ಲಿ ಹಾಕಿಬಿಡೋಣ ಅಂದುಕೊಂಡಿದ್ದೇನೆ. ಸರಿಯಾ? ಅಕಸ್ಮಾತ್ ನಿಜವಾದ ವಜ್ರ ಸಿಕ್ಕರೆ ಮಾವ ಊರಿಗೆ ತೆಗೆದುಕೊಂಡು ಹೋಗಬಹುದಾ?

ಉತ್ತರ: ನಿಮ್ಮ ಮಗಳು ಕೇಳಿ ಬಂದಿದ್ದು ಪೂರ್ತಿ ನಿಜ. ಆ ಜಾಗದ ಹೆಸರು ಕ್ರೇಟರ್ ಆಫ್ ಡೈಮಂಡ್ಸ್ ಸ್ಟೇಟ್ ಪಾರ್ಕ್. ಆರ್ಕನ್ಸಾದ ನೈರುತ್ಯ ಮೂಲೆಯಲ್ಲಿ, ಮರ್ಫ್ರೀಸ್‌ಬರೊ ಅನ್ನುವ ಸಣ್ಣ ಊರಿನ ಪಕ್ಕದಲ್ಲಿದೆ. ಡಲ್ಲಾಸ್‌ನಿಂದ ಕಾರಿನಲ್ಲಿ ಹೆಚ್ಚುಕಡಿಮೆ ನಾಲ್ಕು ಗಂಟೆ ದಾರಿ. ಸುಮಾರು 37 ಎಕರೆ ಉತ್ತ ಹೊಲ. ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಸಿಕ್ಕ ಕಲ್ಲು ಎಷ್ಟೇ ದೊಡ್ಡದಿರಲಿ, ಎಷ್ಟೇ ಬೆಲೆಯದಿರಲಿ, ನಿಮ್ಮದೇ. ಪಾರ್ಕಿನವರು ಪಾಲು ಕೇಳುವುದಿಲ್ಲ.

ಖಂಡಿತ ಹೋಗಿ. ಆದರೆ ಕೊಂಡ ಕಲ್ಲನ್ನು ಮಣ್ಣಿನಲ್ಲಿ ಹಾಕುವ ಯೋಚನೆ ಬಿಟ್ಟುಬಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಆ ಹೊಲದಲ್ಲಿ ಏನಿದೆ, ಹೇಗೆ ಹುಡುಕಬೇಕು ಅನ್ನುವುದನ್ನು ನೋಡೋಣ. ಅದು ಗೊತ್ತಾದರೆ ಆ ನಾಲ್ಕು ಕಲ್ಲುಗಳ ಅಗತ್ಯವೇ ನಿಮಗೆ ಕಾಣುವುದಿಲ್ಲ.

ಭೂಮಿಯ ಒಳಗೆ 150 ಕಿಲೋಮೀಟರಿಗಿಂತ ಆಳದಲ್ಲಿ, ಭಾರಿ ಒತ್ತಡ ಮತ್ತು ಬಿಸಿಯಲ್ಲಿ, ಇಂಗಾಲ ವಜ್ರವಾಗುತ್ತದೆ. ಅಷ್ಟು ಆಳಕ್ಕೆ ಯಾರೂ ಗಣಿ ತೋಡಲು ಆಗುವುದಿಲ್ಲ. ಅಪರೂಪಕ್ಕೆ ಒಂದು ಜಾತಿಯ ಶಿಲಾರಸ ಆ ಆಳದಿಂದಲೇ ಹೊರಟು, ದಾರಿಯಲ್ಲಿದ್ದ ವಜ್ರಗಳನ್ನು ಹೊತ್ತುಕೊಂಡು, ತುಂಬಾ ವೇಗವಾಗಿ ಮೇಲೆ ಬಂದು ಸಿಡಿಯುತ್ತದೆ. ನಿಧಾನವಾಗಿ ಬಂದಿದ್ದರೆ ದಾರಿಯಲ್ಲೇ ವಜ್ರ ಕರಗಿಯೋ ಗ್ರಾಫೈಟ್ ಆಗಿಯೋ ಹೋಗುತ್ತಿತ್ತು. ಮರ್ಫ್ರೀಸ್‌ಬರೊದಲ್ಲಿ ಸುಮಾರು 10 ಕೋಟಿ ವರ್ಷಗಳ ಹಿಂದೆ ಹೀಗೆ ಆಯಿತು. ಹಾಗೆ ಬಂದ ಕಲ್ಲಿನ ಹೆಸರು ಲ್ಯಾಂಪ್ರೊಯೈಟ್. ಆಸ್ಟ್ರೇಲಿಯಾದ ಹೆಸರಾಂತ ಆರ್ಗೈಲ್ ಗಣಿಯಲ್ಲಿ ಇದ್ದದ್ದೂ ಇದೇ ಜಾತಿಯ ಕಲ್ಲು. ನೀವು ಕಾಲಿಡುವ ಹೊಲ ಅಂಥದೊಂದು ಜ್ವಾಲಾಮುಖಿ ಕೊಳವೆಯ ತಲೆ. ಕೋಟ್ಯಂತರ ವರ್ಷ ಮಳೆ ಗಾಳಿಗೆ ಸವೆದು ಹೊಲವಾಗಿದೆ. ಹಗುರ ಮಣ್ಣು ಕೊಚ್ಚಿಹೋಗುತ್ತದೆ, ಭಾರದ ಕಲ್ಲು ಹಿಂದೆ ಉಳಿಯುತ್ತದೆ. ಅದಕ್ಕೇ ಅಲ್ಲಿ ನೆಲದ ಮೇಲೇ ವಜ್ರ ಸಿಗುವುದು.

1906ರ ಆಗಸ್ಟಿನಲ್ಲಿ ಜಾನ್ ಹಡಲ್‌ಸ್ಟನ್ ಅನ್ನುವ ರೈತ ತನ್ನ ಜಮೀನಿನಲ್ಲಿ ಮೊದಲ ವಜ್ರಗಳನ್ನು ಕಂಡ. ಜಮೀನನ್ನು 36,000 ಡಾಲರಿಗೆ ಮಾರಿದ. ಆಮೇಲೆ ಒಂದರ ಹಿಂದೆ ಒಂದು ಕಂಪನಿ ಅಲ್ಲಿ ಗಣಿ ನಡೆಸಲು ನೋಡಿತು. ಯಾರಿಗೂ ಗಿಟ್ಟಲಿಲ್ಲ. ವಜ್ರ ಇದೆ, ಆದರೆ ಯಂತ್ರ ಇಟ್ಟು ಲಾಭ ಮಾಡುವಷ್ಟು ದಟ್ಟವಾಗಿಲ್ಲ. 1972ರಲ್ಲಿ ರಾಜ್ಯ ಸರ್ಕಾರ ಅದನ್ನು ಕೊಂಡು ಪಾರ್ಕ್ ಮಾಡಿತು. ಗಣಿಯಾಗಿ ಸೋತ ಜಾಗ ಆದ್ದರಿಂದಲೇ ನಿಮ್ಮ ಮಕ್ಕಳಿಗೆ ಇವತ್ತು ಅಲ್ಲಿ ಜರಡಿ ಹಿಡಿಯುವ ಅವಕಾಶ ಇದೆ.

ನಿಮ್ಮ ಮಾವನಿಗೆ ಇದು ಹೊಸ ಸುದ್ದಿ ಆಗಲಿಕ್ಕಿಲ್ಲ. ಬಳ್ಳಾರಿ ಕಡೆಯವರಿಗೆ ವಜ್ರಕರೂರು ಗೊತ್ತೇ ಇರುತ್ತದೆ. ಪಕ್ಕದ ಅನಂತಪುರ ಜಿಲ್ಲೆಯ ಆ ಊರಿನ ಸುತ್ತ, ಮತ್ತು ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ ಕಡೆ, ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಜನ ಸಂಸಾರ ಸಮೇತ ಹೊಲಕ್ಕಿಳಿಯುತ್ತಾರೆ. ಬುತ್ತಿ ಕಟ್ಟಿಕೊಂಡು ಬಂದು ದಿನವಿಡೀ ತಲೆ ಬಗ್ಗಿಸಿ ನಡೆಯುತ್ತಾರೆ. ಅಲ್ಲಿ ವಜ್ರವನ್ನು ಹೊತ್ತು ತಂದದ್ದು ಕಿಂಬರ್ಲೈಟ್ ಅನ್ನುವ ಇನ್ನೊಂದು ಜಾತಿಯ ಕಲ್ಲು. ಆ ಕೊಳವೆಗಳಿಗೆ ಸುಮಾರು 110 ಕೋಟಿ ವರ್ಷ ವಯಸ್ಸು. ಆರ್ಕನ್ಸಾದ್ದಕ್ಕಿಂತ ಹತ್ತು ಪಟ್ಟು ಹಳೆಯವು. ಆದರೆ ಹುಡುಕುವ ರೀತಿ ಒಂದೇ. ಮಳೆ ಮೇಲ್ಮಣ್ಣನ್ನು ತೊಳೆಯುತ್ತದೆ, ಕಲ್ಲು ಹೊರಗೆ ಕಾಣುತ್ತದೆ, ಬಿಸಿಲಿಗೆ ಹೊಳೆಯುತ್ತದೆ. ಅಲ್ಲಿ ಸಿಕ್ಕ ಕಲ್ಲು ಹೆಚ್ಚಾಗಿ ಗುಟ್ಟಾಗಿ ದಲ್ಲಾಳಿಯ ಕೈ ಸೇರುತ್ತದೆ, ಅವನು ಹೇಳಿದ್ದೇ ಬೆಲೆ. ಇಲ್ಲಿ ಸರ್ಕಾರವೇ ತೂಕ ಮಾಡಿ, ಇದು ವಜ್ರ ಅಂತ ಬರೆದುಕೊಡುತ್ತದೆ. ಹೊಲದಲ್ಲಿ ಹೇಗೆ ನಡೆಯಬೇಕು ಅಂತ ಮಕ್ಕಳಿಗೆ ಹೇಳಿಕೊಡುವ ಕೆಲಸ ಮಾವನಿಗೆ ಬಿಡಿ. ನೋಡಿ ಬಲ್ಲವರಾದರೆ ಆ ದಿನ ಅವರೇ ಗುರು.

ಈಗ ಸಿಗುತ್ತದಾ ಅನ್ನುವ ಪ್ರಶ್ನೆ. ಪಾರ್ಕ್ ಆದ ಮೇಲೆ ಅಲ್ಲಿ 35,000ಕ್ಕೂ ಹೆಚ್ಚು ವಜ್ರ ಸಿಕ್ಕಿವೆ. ಸರಾಸರಿ ದಿನಕ್ಕೆ ಒಂದೋ ಎರಡೋ. ಕೇಳಲು ಚೆನ್ನಾಗಿದೆ, ಆದರೆ ರಜಾದಿನ ಆ ಹೊಲದಲ್ಲಿ ನೂರಾರು ಜನ ಇರುತ್ತಾರೆ. ಸಿಗುವವರಲ್ಲಿ ಪದೇಪದೇ ಬಂದು ಪಳಗಿದವರ ಪಾಲೂ ಚೆನ್ನಾಗಿಯೇ ಇದೆ. ಸಿಗುವ ಹೆಚ್ಚಿನ ವಜ್ರಗಳು ಕಾಲು ಕ್ಯಾರೆಟ್ ಒಳಗಿನವು, ಅಂದರೆ ಬೆಂಕಿಕಡ್ಡಿಯ ತಲೆಯಷ್ಟು. ಒಂದು ದಿನ ಹೋಗಿ ಬರುವ ನಿಮ್ಮ ಕುಟುಂಬಕ್ಕೆ ವಜ್ರ ಸಿಗದೇ ಇರುವ ಸಾಧ್ಯತೆಯೇ ತುಂಬಾ ಜಾಸ್ತಿ. ಇದನ್ನು ಮಕ್ಕಳಿಗೆ ಕಾರು ಹತ್ತುವ ಮೊದಲೇ ಹೇಳಿ. ಹತ್ತು ವರ್ಷದ ಹುಡುಗಿಗೆ ಈ ಲೆಕ್ಕ ಚೆನ್ನಾಗಿಯೇ ಅರ್ಥವಾಗುತ್ತದೆ.

ಹಾಗಂತ ಹೊಸಬರಿಗೆ ಸಿಗುವುದೇ ಇಲ್ಲ ಅಂತಲ್ಲ. 2017ರಲ್ಲಿ 14 ವರ್ಷದ ಹುಡುಗನೊಬ್ಬ ಮನೆಯವರ ಜೊತೆ ಬಂದು ಅರ್ಧ ಗಂಟೆಯಲ್ಲಿ 7.44 ಕ್ಯಾರೆಟ್‌ನ ಕಂದು ವಜ್ರ ಹೆಕ್ಕಿದ. 2020ರಲ್ಲಿ ಬ್ಯಾಂಕ್ ಮ್ಯಾನೇಜರ್ ಒಬ್ಬರು ಗಾಜಿರಬೇಕು ಅಂದುಕೊಂಡೇ ಒಂದು ಕಲ್ಲನ್ನು ಚೀಲಕ್ಕೆ ಹಾಕಿಕೊಂಡರು. ತೂಗಿದರೆ 9.07 ಕ್ಯಾರೆಟ್ ವಜ್ರ. 2024ರ ಜನವರಿಯಲ್ಲಿ ಪ್ಯಾರಿಸ್‌ನಿಂದ ಬಂದ ಪ್ರವಾಸಿಗೆ 7.46 ಕ್ಯಾರೆಟ್‌ನದು ಸಿಕ್ಕಿತು. ಅವರು ಬೆಳಗ್ಗೆ ಅಗೆದು ಸುಸ್ತಾಗಿ, ಮಧ್ಯಾಹ್ನದ ಮೇಲೆ ಸುಮ್ನೆ ನೆಲ ನೋಡುತ್ತಾ ನಡೆದಿದ್ದರು. ಕೆಲವು ದಿನ ಮೊದಲು ಜೋರು ಮಳೆಯಾಗಿತ್ತು.

ಆ ಕೊನೆಯ ಎರಡು ವಾಕ್ಯವನ್ನು ಇನ್ನೊಮ್ಮೆ ಓದಿ. ನನ್ನ ಮುಖ್ಯ ಸಲಹೆ ಅಲ್ಲೇ ಇದೆ. ಮೊದಲ ಸಲ ಹೋಗುವವರು ಕಾರಿನಿಂದ ಇಳಿದ ಕೂಡಲೇ ಸಲಿಕೆ ಹಿಡಿದು ಗುಂಡಿ ತೋಡಲು ಶುರು ಮಾಡುತ್ತಾರೆ. ವಜ್ರ ಅಂದರೆ ಆಳದಲ್ಲಿರುತ್ತದೆ ಅನ್ನುವ ನಂಬಿಕೆ. ಎರಡು ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ, ಮಕ್ಕಳು ಬೇಸತ್ತು ಕಾರಿಗೆ ಹೋಗೋಣ ಅನ್ನುತ್ತಾರೆ. ದೊಡ್ಡ ವಜ್ರಗಳಲ್ಲಿ ಎಷ್ಟೋ ಸಿಕ್ಕಿರುವುದು ಅಗೆಯದೆ, ನೆಲದ ಮೇಲೆ. ನಿಮ್ಮಂಥ ಕುಟುಂಬಕ್ಕೆ ಅದೇ ಸರಿಯಾದ ದಾರಿ. ಮಾವನ ಮಂಡಿಗೂ ಅದೇ ಹಿತ. ನಡೆದರೆ ಸಾಕು, ಕೂರಬೇಕಾಗಿಲ್ಲ.

ಮಳೆ ಬಂದು ನಿಂತು, ಬಿಸಿಲು ಬಿದ್ದ ದಿನ ಎಲ್ಲಕ್ಕಿಂತ ಒಳ್ಳೆಯದು. ಪಾರ್ಕಿನವರು ಆಗಾಗ ಹೊಲವನ್ನು ಉಳುತ್ತಾರೆ. ಉತ್ತ ಮೇಲೆ ಒಂದು ಒಳ್ಳೆಯ ಮಳೆ ಬಿದ್ದಿದ್ದರೆ ಇನ್ನೂ ಚೆಂದ. ಹೊಸ ಮಣ್ಣು ಮೇಲೆ ಬಂದಿರುತ್ತದೆ, ಮಳೆ ಅದನ್ನು ತೊಳೆದಿರುತ್ತದೆ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ, ಒಂದು ಸಾಲು ಹಿಡಿದು ನಿಧಾನವಾಗಿ ನಡೆಯಿರಿ. ಆಮೇಲೆ ಅದೇ ಸಾಲಿನಲ್ಲಿ ಎದುರು ದಿಕ್ಕಿನಿಂದ ವಾಪಸ್ ಬನ್ನಿ. ಹೋಗುವಾಗ ಮಂಕಾಗಿದ್ದ ಕಲ್ಲು ಬರುವಾಗ ಮಿಂಚಬಹುದು. ಇಳಿಜಾರಿನಲ್ಲಿ ನೀರು ಹರಿದು ಹೋದ ಸಣ್ಣ ಸಣ್ಣ ಕೊರಕಲುಗಳನ್ನು ನೋಡಿ. ನೀರು ನಿಧಾನವಾಗುವ ತಿರುವಿನಲ್ಲಿ, ದಪ್ಪ ಕಲ್ಲಿನ ಹಿಂದೆ, ಭಾರದ ಹರಳುಗಳು ನಿಂತಿರುತ್ತವೆ. ಈಸ್ಟ್ ಡ್ರೇನ್, ವೆಸ್ಟ್ ಡ್ರೇನ್ ಅಂತ ಅಲ್ಲಿಯ ಜನ ಕರೆಯುವ ಜಾಗಗಳಿಗೆ ಹಳೆಯ ಹುಡುಕಾಟಗಾರರು ಸುಮ್ನೆ ಮುತ್ತಿಕೊಳ್ಳುವುದಿಲ್ಲ.

ಮಗಳನ್ನು ಈ ನೆಲ ನೋಡುವ ಕೆಲಸಕ್ಕೆ ಹಾಕಿ. ಅವಳ ಕಣ್ಣು ನೆಲಕ್ಕೆ ನಿಮ್ಮ ಕಣ್ಣಿಗಿಂತ ಹತ್ತಿರ, ನೋಟವೂ ಚುರುಕು. ಆರು ವರ್ಷದ ಮಗನಿಗೆ ಇದು ಬೇಗ ಬೇಜಾರಾಗುತ್ತದೆ. ಅವನಿಗೆ ನೀರು ಮತ್ತು ಕೆಸರು ಇರುವ ಕೆಲಸ ಬೇಕು, ಅಂದರೆ ಜರಡಿ ತೊಳೆಯುವುದು.

ಹೊಲದಲ್ಲಿ ನೆರಳಿನ ಚಪ್ಪರಗಳಿವೆ, ಅವುಗಳ ಕೆಳಗೆ ನೀರಿನ ತೊಟ್ಟಿಗಳಿವೆ. ಬಕೆಟ್, ಸಲಿಕೆ, ಜರಡಿಗಳನ್ನು ಪಾರ್ಕಿನಲ್ಲೇ ಬಾಡಿಗೆಗೆ ಕೊಡುತ್ತಾರೆ. ಮನೆಯದನ್ನೂ ಒಯ್ಯಬಹುದು. ಆದರೆ ಬ್ಯಾಟರಿ ಅಥವಾ ಮೋಟಾರಿನ ಯಾವ ಅಗೆಯುವ ಸಾಧನಕ್ಕೂ ಬಿಡುವುದಿಲ್ಲ. ಮಣ್ಣನ್ನು ಜರಡಿಗೆ ಹಾಕಿ ನೀರಿನಲ್ಲಿ ಮುಳುಗಿಸಿ. ಮೊದಲು ಕೆಸರು ಪೂರ್ತಿ ಹೋಗುವ ತನಕ ಕೈಯಿಂದ ತಿಕ್ಕಿ. ಅಲ್ಲಿಯ ಮಣ್ಣು ಅಂಟು. ಗಟ್ಟಿ ಹೆಂಟೆಯನ್ನು ಒಡೆಯದೆ ಎಸೆದರೆ ಒಳಗಿದ್ದದ್ದೂ ಹೋಯಿತು. ದಪ್ಪ ಕಣ್ಣಿನ ಜರಡಿ ಮೇಲೆ, ಸಣ್ಣ ಕಣ್ಣಿನದು ಕೆಳಗೆ ಇರಲಿ. ವಜ್ರ ಇದ್ದರೆ ಹೆಚ್ಚಾಗಿ ಕೆಳಗಿನದರಲ್ಲೇ ಇರುತ್ತದೆ.

ಮುಂದಿನ ಹಂತವನ್ನು ಅತ್ತೆಗೆ ಬಿಡಿ. ಅಕ್ಕಿ ಗಾಳಿಸಿ ಕಲ್ಲು ತೆಗೆಯುವ ಕೈ ಈ ಕೆಲಸವನ್ನು ಅರ್ಧ ಕಲಿತೇ ಇರುತ್ತದೆ. ಸಣ್ಣ ಜರಡಿಯನ್ನು ನೀರಿನಲ್ಲಿ ಮಟ್ಟವಾಗಿ ಹಿಡಿದು ಮೇಲೆ ಕೆಳಗೆ ಕುಲುಕಬೇಕು, ನಡುವೆ ಸ್ವಲ್ಪ ತಿರುಗಿಸಬೇಕು. ಮತ್ತೆ ಕುಲುಕಬೇಕು. ಭಾರದ ಹರಳುಗಳು ತಳಕ್ಕೆ ಇಳಿದು ನಡುಮಧ್ಯೆ ಸೇರುತ್ತವೆ. ಆಮೇಲೆ ಒಂದೇ ಏಟಿಗೆ ಜರಡಿಯನ್ನು ಸಪಾಟು ಜಾಗದ ಮೇಲೆ ಬೋರಲು ಹಾಕಬೇಕು. ತಳದಲ್ಲಿದ್ದದ್ದು ಈಗ ಮೇಲೆ ಬಂತು. ನಡುಮಧ್ಯದಲ್ಲಿ ಕಪ್ಪು, ಕಂದು ಬಣ್ಣದ ಭಾರದ ಹರಳುಗಳ ಒಂದು ಸಣ್ಣ ಗುಂಪು ಕಾಣಬೇಕು. ಅದು ಕಂಡರೆ ನೀವು ಸರಿಯಾಗಿ ಕುಲುಕಿದ್ದೀರಿ ಅಂತ ಅರ್ಥ. ವಜ್ರವನ್ನು ಆ ಗುಂಪಿನಲ್ಲೇ ಹುಡುಕಿ. ನೀರಿಗಿಂತ ವಜ್ರ ಸುಮಾರು 3.5 ಪಟ್ಟು ಭಾರ, ಬೆಣಚುಕಲ್ಲು 2.65 ಪಟ್ಟು. ಈ ವ್ಯತ್ಯಾಸವೇ ನಿಮಗೆ ಕೆಲಸ ಮಾಡಿಕೊಡುವುದು.

ಇದು ಒಂದೆರಡು ಸಲಕ್ಕೆ ಕೈಗೆ ಹತ್ತುವುದಿಲ್ಲ. ಅದಕ್ಕೆ ಮನೆಯಲ್ಲೇ ಅಭ್ಯಾಸ ಮಾಡಿ ಹೋಗಿ. ಹಿತ್ತಲಿನ ಜಲ್ಲಿಗೆ ಕೆಲವು ಸಣ್ಣ ಕಬ್ಬಿಣದ ಬಾಲ್ ಬೇರಿಂಗ್ ಗುಂಡು ಬೆರೆಸಿ ಕುಲುಕಿ ನೋಡಿ. ಬೋರಲು ಹಾಕಿದಾಗ ಅವು ನಡುವೆ ಬಂದಿದ್ದರೆ ಕೈ ಸರಿಯಾಗಿದೆ. ಕಬ್ಬಿಣ ವಜ್ರಕ್ಕಿಂತ ಜಾಸ್ತಿ ಭಾರ, ಹಾಗಾಗಿ ಕಲಿಯುವವರಿಗೆ ಸುಲಭ. ಮಕ್ಕಳಿಗೆ ಇದೇ ಒಂದು ವಾರದ ಆಟವಾಗುತ್ತದೆ.

ಹೊಲದಲ್ಲಿ ಹೊಳೆಯುವುದೆಲ್ಲ ನಿಮ್ಮನ್ನು ಕರೆಯುತ್ತದೆ. ಜಾಸ್ತಿ ಮೋಸ ಮಾಡುವುದು ಕಾಗೆಬಂಗಾರ. ಚಪ್ಪಟೆಯಾಗಿದ್ದು, ಉಗುರಿನಿಂದ ಕೆರೆದರೆ ಪದರ ಪದರವಾಗಿ ಏಳುತ್ತದೆ. ಕ್ಯಾಲ್ಸೈಟ್ ಓರೆ ಓರೆಯಾಗಿ, ಚೂಪು ಅಂಚುಗಳಿಂದ ಮುರಿದಿರುತ್ತದೆ. ಬೆಣಚುಕಲ್ಲು ಗಾಜಿನ ಹಾಗೆ ಹೊಳೆಯುತ್ತದೆ, ಮಣ್ಣು ಅಂಟಿಸಿಕೊಂಡಿರುತ್ತದೆ. ನಿಜವಾದ ಗಾಜಿನ ಚೂರೂ ಅಲ್ಲಿ ಸಾಕಷ್ಟಿವೆ.

ಅಂಗಡಿಯಲ್ಲಿ ನೋಡಿದ ವಜ್ರವನ್ನು ಮರೆತುಬಿಡಿ. ಆ ಚೂಪಾದ ಮುಖಗಳೆಲ್ಲ ಕತ್ತರಿಸಿ ಮಾಡಿದವು. ಆರ್ಕನ್ಸಾದ ಹಸಿ ವಜ್ರ ಹೆಚ್ಚಾಗಿ ದುಂಡಗೆ, ನುಣ್ಣಗೆ ಇರುತ್ತದೆ. ಮೇಲೆ ಬರುವ ದಾರಿಯಲ್ಲಿ ಶಿಲಾರಸ ಅದರ ಮೂಲೆಗಳನ್ನು ಸ್ವಲ್ಪ ತಿಂದುಹಾಕಿದೆ. ಬಣ್ಣ ಬಿಳಿ, ಕಂದು ಅಥವಾ ಹಳದಿ. ಹೊಳಪು ಗಾಜಿನದ್ದಲ್ಲ. ಎಣ್ಣೆ ಸವರಿದ ಲೋಹದ ಹೊಳಪು ಅಂದರೆ ಹತ್ತಿರವಾದೀತು. ಇನ್ನೊಂದು ಗುರುತು ನನಗೆ ತುಂಬಾ ಇಷ್ಟ. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ಹಾಗಾಗಿ ಕೆಸರಿನ ನಡುವೆ ಬಿದ್ದಿದ್ದರೂ ಅದು ಶುಭ್ರವಾಗಿ ಕಾಣುತ್ತದೆ. ಹಿಂದೆ ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಗ್ರೀಸ್ ಬಳಿದ ಮೇಜಿನ ಮೇಲೆ ಒದ್ದೆ ಜಲ್ಲಿಯನ್ನು ಹರಿಸುತ್ತಿದ್ದರು. ಬೇರೆಲ್ಲ ಜಾರಿ ಹೋಗುತ್ತಿತ್ತು, ವಜ್ರ ಅಂಟಿಕೊಳ್ಳುತ್ತಿತ್ತು. ಮಕ್ಕಳಿಗೆ ಒಂದೇ ಮಾತು ಹೇಳಿಕೊಡಿ: ಸುತ್ತ ಎಲ್ಲವೂ ಕೊಳೆಯಾಗಿದ್ದು ಒಂದೇ ಒಂದು ಕಲ್ಲು ಚೊಕ್ಕಟವಾಗಿದ್ದರೆ, ಅದನ್ನು ಎತ್ತಿಕೋ.

ಒಂದು ಎಚ್ಚರಿಕೆ. ನಿಜವಾದ ವಜ್ರ ಸುತ್ತಿಗೆಯಲ್ಲಿ ಹೊಡೆದರೂ ಒಡೆಯುವುದಿಲ್ಲ ಅಂತ ನಮ್ಮಲ್ಲಿ ಒಂದು ಮಾತಿದೆ. ಸುಳ್ಳು. ವಜ್ರವನ್ನು ಗೀರುವುದು ಕಷ್ಟ, ಒಡೆಯುವುದು ಕಷ್ಟವಲ್ಲ. ಸರಿಯಾದ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೀಳಿಯೇ ಹೋಗುತ್ತದೆ. ಆದ್ದರಿಂದ ಮಾವ ಪರೀಕ್ಷೆ ಮಾಡುತ್ತೇನೆ ಅಂದರೆ ಬೇಡ ಅನ್ನಿ. ಅನುಮಾನ ಬಂದದ್ದನ್ನೆಲ್ಲ ಒಂದು ಡಬ್ಬಿಗೆ ಹಾಕಿಕೊಂಡು ಹೋಗಿ ಪಾರ್ಕಿನ ಸಿಬ್ಬಂದಿಗೆ ತೋರಿಸಿ. ಉಚಿತವಾಗಿ ನೋಡಿ ಹೇಳುತ್ತಾರೆ. ವಜ್ರವಾದರೆ ತೂಕ ಮಾಡಿ, ದಾಖಲೆ ಮಾಡಿಕೊಂಡು, ಪ್ರಮಾಣಪತ್ರ ಕೊಡುತ್ತಾರೆ. ಆ ಮ್ಯಾನೇಜರರ 9 ಕ್ಯಾರೆಟ್ ಹೀಗೇ ಗೊತ್ತಾಗಿದ್ದು. ಎಸೆಯುವ ಮೊದಲು ತೋರಿಸಿ ಅನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಈಗ ನಿಮ್ಮ ನಾಲ್ಕು ಕಲ್ಲಿನ ವಿಷಯ. ಮಕ್ಕಳ ಮುಖ ಬಾಡುವುದನ್ನು ನೋಡಲಾಗದೆ ನೀವು ಹೀಗೆ ಯೋಚಿಸಿದ್ದೀರಿ, ಅದು ನನಗೆ ಅರ್ಥವಾಗುತ್ತದೆ. ಹಾಗೆ ಮಾಡಿಕೊಡುವ ಜಾಗಗಳೂ ಈ ದೇಶದಲ್ಲಿವೆ. ನಾರ್ತ್ ಕ್ಯಾರೊಲೈನಾದಲ್ಲಿ ಬಕೆಟ್ ಲೆಕ್ಕದಲ್ಲಿ ಮಣ್ಣು ಮಾರುತ್ತಾರೆ. ಎಲ್ಲೆಲ್ಲಿಂದಲೋ ತಂದ ಬಣ್ಣದ ಕಲ್ಲುಗಳನ್ನು ಅದರಲ್ಲಿ ಬೆರೆಸಿರುತ್ತಾರೆ. ಅನೇಕರು ಅದನ್ನು ಮುಚ್ಚಿಡುವುದೂ ಇಲ್ಲ. ಸಣ್ಣ ಮಕ್ಕಳಿಗೆ ಅದೂ ಒಂದು ಆಟ, ತಪ್ಪೇನಿಲ್ಲ. ಆದರೆ ಮರ್ಫ್ರೀಸ್‌ಬರೊದ ವಿಶೇಷವೇ ಬೇರೆ. ಅಲ್ಲಿ ಯಾರೂ ಏನೂ ಇಟ್ಟಿಲ್ಲ. ಮಣ್ಣಿನಲ್ಲಿರುವ ಕಲ್ಲೆಲ್ಲ ಭೂಮಿಯಿಂದ ಬಂದದ್ದು. ನಿಮ್ಮ ಮಗಳು ಅಲ್ಲಿ ಎತ್ತಿದ ಒಂದು ಮಾಮೂಲಿ ಕಲ್ಲಿಗೂ 10 ಕೋಟಿ ವರ್ಷದ ನಿಜವಾದ ಕತೆ ಇದೆ. ನೀವು ಹಾಕಿದ ಕಲ್ಲಿಗೆ ಅದಿಲ್ಲ. ಹತ್ತು ವರ್ಷದ ಹುಡುಗಿ ಒಂದಲ್ಲ ಒಂದು ದಿನ ಅದನ್ನು ಕಂಡುಹಿಡಿಯುತ್ತಾಳೆ. ಆಮೇಲೆ ನಿಜವಾಗಿ ಸಿಕ್ಕಿದ್ದರ ಮೇಲೂ ಅವಳಿಗೆ ನಂಬಿಕೆ ಉಳಿಯುವುದಿಲ್ಲ.

ಬೇರೆಯವರ ಮಕ್ಕಳ ಬಗ್ಗೆಯೂ ಯೋಚಿಸಿ. ನೀವು ಹಾಕಿದ ನಾಲ್ಕರಲ್ಲಿ ಎರಡು ನಿಮ್ಮವರ ಕಣ್ಣಿಗೆ ಬೀಳದೆ ಹೋಗುತ್ತವೆ. ಮರುದಿನ ಇನ್ಯಾವುದೋ ಮಗು ಅದನ್ನು ಎತ್ತಿಕೊಂಡು, ಎದೆ ಡವಡವ ಅನ್ನುತ್ತಾ ಸಿಬ್ಬಂದಿಯ ಹತ್ತಿರ ಓಡುತ್ತದೆ. ಅಲ್ಲಿ ಅವರು ಇದು ಅಂಗಡಿಯ ಕಲ್ಲು ಅನ್ನಬೇಕು. ಆ ಮಗುವಿಗೆ ಹಾಗಾಗುವುದು ಬೇಡ ಅಲ್ವಾ?

ಮಕ್ಕಳು ಬರಿಗೈಯಲ್ಲಿ ಬರುತ್ತಾರೆ ಅನ್ನುವ ಭಯವಂತೂ ಬೇಡವೇ ಬೇಡ. ಅಲ್ಲಿ 40ಕ್ಕೂ ಹೆಚ್ಚು ಬಗೆಯ ಕಲ್ಲು, ಖನಿಜಗಳಿವೆ. ಕೆಂಪು, ಹಳದಿ ಜಾಸ್ಪರ್ ಬೇಕಾದಷ್ಟು ಸಿಗುತ್ತದೆ. ನೀರಿನಲ್ಲಿ ತೊಳೆದರೆ ಅದರ ಬಣ್ಣ ನೋಡಲು ಎರಡು ಕಣ್ಣು ಸಾಲದು. ಅಗೇಟ್, ಬೆರೈಟ್, ಕ್ಯಾಲ್ಸೈಟ್, ಬೆಣಚುಕಲ್ಲು, ಅದೃಷ್ಟ ಇದ್ದರೆ ನೇರಳೆ ಬಣ್ಣದ ಅಮೆಥಿಸ್ಟ್, ಸಣ್ಣ ಗಾರ್ನೆಟ್. ಲ್ಯಾಂಪ್ರೊಯೈಟ್‌ನ ಒಂದು ತುಂಡನ್ನಂತೂ ತಪ್ಪದೆ ಆಯ್ದುಕೊಳ್ಳಿ. ನೋಡಲು ಏನೂ ಚೆಂದವಿಲ್ಲ, ಆದರೆ ವಜ್ರವನ್ನು ಮೇಲೆ ಹೊತ್ತು ತಂದದ್ದು ಅದೇ. ಮೊಟ್ಟೆ ಇಡುವ ಖಾಲಿ ರಟ್ಟಿನ ತಟ್ಟೆಯೊಂದನ್ನು ಪ್ರತಿ ಮಗುವಿಗೂ ಕೊಡಿ. ಹನ್ನೆರಡು ಗುಳಿಗಳಿಗೆ ಹನ್ನೆರಡು ಬೇರೆ ಬೇರೆ ಕಲ್ಲು ತುಂಬಿಸಬೇಕು, ಪ್ರತಿಯೊಂದರ ಹೆಸರು ಸಿಬ್ಬಂದಿಯನ್ನು ಕೇಳಿ ಬರೆದುಕೊಳ್ಳಬೇಕು ಅನ್ನಿ. ವಿದ್ಯಾರ್ಥಿಗಳನ್ನು ಹೊರಗೆ ಕರೆದೊಯ್ಯುವಾಗ ನಾನು ಮಾಡಿಸುವುದು ಇದನ್ನೇ. ತುಂಬುವ ಹೊತ್ತಿಗೆ ಕಲ್ಲು ಕಲ್ಲಿನ ನಡುವಿನ ವ್ಯತ್ಯಾಸ ಅವರಿಗೆ ತಾನಾಗಿಯೇ ಕಾಣಲು ಶುರುವಾಗಿರುತ್ತದೆ. ವಜ್ರ ಎದುರಿಗೆ ಬಂದರೆ ಗುರುತಿಸುವ ಕಣ್ಣು ಬರುವುದೂ ಹೀಗೇ.

ನೋಡಲೇಬೇಕಾದ ಒಂದು ನಿಜ ವಜ್ರವೂ ಪಾರ್ಕಿನ ಸಂದರ್ಶಕರ ಕೇಂದ್ರದಲ್ಲಿದೆ. 1990ರಲ್ಲಿ ಸಿಕ್ಕ, ಸ್ಟ್ರಾನ್-ವ್ಯಾಗ್ನರ್ ಅನ್ನುವ ಹೆಸರಿನದು. ಸಿಕ್ಕಾಗ 3.03 ಕ್ಯಾರೆಟ್ ಇತ್ತು, ಕತ್ತರಿಸಿದ ಮೇಲೆ 1.09 ಕ್ಯಾರೆಟ್ ಉಳಿಯಿತು. ಬಣ್ಣ, ಶುದ್ಧತೆ, ಕೆತ್ತನೆ ಮೂರರಲ್ಲೂ ಕುಂದಿಲ್ಲ ಅಂತ ದರ್ಜೆ ಪಡೆದ ಕಲ್ಲು ಅದು. ಅಲ್ಲಿಯ ಅತಿ ದೊಡ್ಡ ವಜ್ರದ ಹೆಸರು ಅಂಕಲ್ ಸ್ಯಾಮ್, 40.23 ಕ್ಯಾರೆಟ್, ಅಂದರೆ 8 ಗ್ರಾಂ. 1924ರಲ್ಲಿ ಸಿಕ್ಕಿದ್ದು. ಇಡೀ ಅಮೆರಿಕದಲ್ಲಿ ಅದಕ್ಕಿಂತ ದೊಡ್ಡದು ಸಿಕ್ಕಿಲ್ಲ. ಕತ್ತರಿಸಿದ ಮೇಲೆ 12.42 ಕ್ಯಾರೆಟ್ ಆಯಿತು, ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಪಾರ್ಕ್ ಆದ ಮೇಲೆ ಸಿಕ್ಕಿದ್ದರಲ್ಲಿ ದೊಡ್ಡದು 1975ರ 16.37 ಕ್ಯಾರೆಟ್‌ನದು. ಅದನ್ನು ಕಂಡವರು ನಿಮ್ಮ ಟೆಕ್ಸಸ್‌ನಿಂದಲೇ ಕುಟುಂಬ ಸಮೇತ ಬಂದವರು.

ಈ ಅಂಕಿಗಳನ್ನು ಕೊಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕತ್ತರಿಸಿದರೆ ಅರ್ಧಕ್ಕಿಂತ ಜಾಸ್ತಿ ತೂಕ ಹೋಗಬಹುದು. ನಿಮಗೆ ಕಾಲು ಕ್ಯಾರೆಟ್‌ನದು ಸಿಕ್ಕರೆ ಉಂಗುರ ಮಾಡಿಸಲು ಹೋಗಬೇಡಿ. ಪ್ರಮಾಣಪತ್ರದ ಜೊತೆ ಹಸಿ ಕಲ್ಲಾಗಿಯೇ ಇಟ್ಟುಕೊಳ್ಳಿ. ಸಂಗ್ರಹಕಾರರು ಅದನ್ನು ಕೇಳುವುದೂ ಹಾಗೆಯೇ.

ಜುಲೈ ಬಗ್ಗೆ ನನಗೆ ಆತಂಕವಿದೆ. ಆ ಹೊಲದಲ್ಲಿ ಮರದ ನೆರಳು ತುಂಬಾ ಕಡಿಮೆ. ಆರ್ಕನ್ಸಾದ ಬೇಸಿಗೆ ಒಣ ಬಿಸಿಲಲ್ಲ, ಬೆವರು ಒಣಗದ ಸೆಖೆ. ಅತ್ತೆ ಮಾವ ಅಕ್ಟೋಬರ್ ತನಕ ಇರುವುದಾದರೆ ಆಗ ಹೋಗಿ. ಜುಲೈಯೇ ಆಗಬೇಕು ಅಂದರೆ ಹಿಂದಿನ ರಾತ್ರಿಯೇ ಹತ್ತಿರ ತಲುಪಿ, ಗೇಟು ತೆರೆಯುವ ಹೊತ್ತಿಗೆ ಒಳಗಿರಿ. ಹತ್ತೂವರೆ, ಹನ್ನೊಂದರವರೆಗೆ ನೆಲ ನೋಡಿ. ಆಮೇಲೆ ಚಪ್ಪರದ ಕೆಳಗೆ ಜರಡಿ ಕೆಲಸ. ಬೇಸಿಗೆಯಲ್ಲಿ ಪಾರ್ಕಿನೊಳಗೇ ಮಕ್ಕಳಿಗೆ ನೀರಾಟದ ಜಾಗವೂ ತೆರೆದಿರುತ್ತದೆ, ಮಧ್ಯಾಹ್ನ ಅಲ್ಲಿಗೆ ಬಿಡಿ. ಟೋಪಿ, ಸಾಕಷ್ಟು ನೀರು, ಒಂದು ಮಡಚುವ ಸ್ಟೂಲು ಇರಲಿ. ಮಳೆಯಾಗಿದ್ದರೆ ಮಣ್ಣು ಬೂಟಿಗೆ ಹಿಡಿದು ಹೆಜ್ಜೆ ಎತ್ತಲಾಗುವುದಿಲ್ಲ. ಎಸೆಯಲು ಮನಸ್ಸು ಬರುವಂಥ ಹಳೆಯ ಶೂ, ಇನ್ನೊಂದು ಜೊತೆ ಬಟ್ಟೆ ತೆಗೆದುಕೊಂಡು ಹೋಗಿ. ಸಸ್ಯಾಹಾರಿಗಳಾದರೆ ಬುತ್ತಿ ಕಟ್ಟಿಕೊಳ್ಳುವುದೇ ಒಳ್ಳೆಯದು. ಚಿತ್ರಾನ್ನ, ಚಪಾತಿ ಆ ದಿನಕ್ಕೆ ಸಾಕು, ಮಜ್ಜಿಗೆಯನ್ನು ಮಾತ್ರ ಐಸ್ ಪೆಟ್ಟಿಗೆಯಲ್ಲಿಡಿ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ರಜಾದಿನಗಳಲ್ಲಿ ಮುಗಿದುಹೋಗುತ್ತದೆ. ದರವನ್ನೂ ಅಲ್ಲೇ ನೋಡಿ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಕಡಿಮೆ ದರದ ಟಿಕೆಟ್ ಇದೆ. ಜರಡಿ ಹಿಡಿದ ಜಲ್ಲಿಯನ್ನು ಒಬ್ಬರಿಗೆ ದಿನಕ್ಕೆ ಐದು ಗ್ಯಾಲನ್‌ನ ಒಂದು ಬಕೆಟ್‌ನಷ್ಟು ಮನೆಗೂ ತರಬಹುದು. ಮಗನಿಗೆ ಮುಂದಿನ ಭಾನುವಾರದ ಕೆಲಸ ಸಿಕ್ಕಿತು.

ಕೊನೆಗೆ, ಮಾವ ವಜ್ರವನ್ನು ಬಳ್ಳಾರಿಗೆ ಒಯ್ಯುವ ಮಾತು. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಗಮನವಿಟ್ಟು ಓದಿ. ಕತ್ತರಿಸದ ಹಸಿ ವಜ್ರವನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ಯಲು ಕಿಂಬರ್ಲಿ ಪ್ರೋಸೆಸ್ ಪ್ರಮಾಣಪತ್ರ ಬೇಕು. ಯುದ್ಧಕ್ಕೆ ಹಣ ಒದಗಿಸುವ ವಜ್ರಗಳ ವ್ಯಾಪಾರ ತಡೆಯಲು 2003ರಲ್ಲಿ ಜಾರಿಗೆ ಬಂದ ವ್ಯವಸ್ಥೆ ಇದು. ಅಮೆರಿಕ, ಭಾರತ ಎರಡೂ ಇದರಲ್ಲಿವೆ. ಪಾರ್ಕ್ ಕೊಡುವ ಕಾಗದ ಬೇರೆ, ಈ ಪ್ರಮಾಣಪತ್ರ ಬೇರೆ. ಪಾರ್ಕಿನ ಕಾಗದ ತೋರಿಸಿ ವಜ್ರದ ಜೊತೆ ವಿಮಾನ ಹತ್ತಲು ಆಗುವುದಿಲ್ಲ. ಕಲ್ಲು ಎಷ್ಟೇ ಸಣ್ಣದಿರಲಿ, ಜೇಬಿನಲ್ಲಿ ಹಾಕಿಕೊಂಡೋ ಅಂಚೆಯಲ್ಲೋ ಕಳಿಸುವ ಯೋಚನೆ ಬೇಡ. ಬೆಂಕಿಕಡ್ಡಿ ತಲೆಯಷ್ಟರ ಕಲ್ಲಿಗಾಗಿ ಹಿರಿಯರು ಕಸ್ಟಮ್ಸ್‌ನಲ್ಲಿ ನಿಲ್ಲುವುದು ಯಾರಿಗೆ ಬೇಕು? ವಜ್ರ ಸಿಕ್ಕರೆ ಅದು ಡಲ್ಲಾಸ್‌ನ ನಿಮ್ಮ ಮನೆಯಲ್ಲೇ ಇರಲಿ. ಮಾರುವ ಮನಸ್ಸಾದರೆ ತೆರಿಗೆಯ ವಿಷಯವನ್ನು ಮೊದಲು ನಿಮ್ಮ ಲೆಕ್ಕಪರಿಶೋಧಕರ ಹತ್ತಿರ ಕೇಳಿಕೊಳ್ಳಿ.

ಜಾಸ್ಪರ್, ಅಗೇಟ್, ಲ್ಯಾಂಪ್ರೊಯೈಟ್ ತುಂಡುಗಳಿಗೆ ಈ ಪ್ರಮಾಣಪತ್ರ ಬೇಕಿಲ್ಲ. ಆದರೆ ಮಣ್ಣನ್ನು ಭಾರತದೊಳಗೆ ತರುವುದಕ್ಕೆ ಸಸ್ಯರೋಗ ತಡೆಯ ನಿಯಮಗಳ ನಿರ್ಬಂಧವಿದೆ. ಹಾಗಾಗಿ ಹಳೆಯ ಟೂತ್ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ ತೊಳೆದು, ಒಣಗಿಸಿ, ಮಾವನ ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡಿ. ಕೈಚೀಲದಲ್ಲಿ ಕಲ್ಲು ಕಂಡರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸುಮ್ನೆ ತಡವಾಗುತ್ತದೆ.